ಪಥ್ಯ ಹಿಡಿದ ಕಾಲು

ಅಕ್ಯುಪಂಕ್ಚರ್ ಸೂಜಿ ಪಾದಕ್ಕಿಳಿದರೂ ಕಮಲಕ್ಕನ ಮಾತು ನಿಲ್ಲಲಿಲ್ಲ. ಆಸಿಫಾ ಇನ್ನೊಂದು ಚುಚ್ಚಿದಳು. ಅದೂ ಅವರಿಗೆ ಗೊತ್ತಾಗಲಿಲ್ಲ. ಅನುಮಾನದಿಂದ ಕಾಲೆತ್ತಿ ನೋಡಿದರೆ ಹಿಮ್ಮಡಿಯಲ್ಲಿ ರೂಪಾಯಿಯಗಲದ ಹುಣ್ಣು. ಅಂಚು ಕಪ್ಪಗಾಗಿ ವಾಸನೆ ಬರುತ್ತಿತ್ತು.

"ಇದು ಎಷ್ಟು ದಿನದಿಂದ?"

"ಎಂತದು? ಪಾದದ ಉರಿ ಪೂರ್ತಿ ಹೋಗಿದೆ ಮಾರಾಯ್ತಿ. ಎಲ್ಲ ನಿನ್ನ ಕೈಗುಣ."

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೋ ಇಲ್ಲವೋ ಎಂದು ಕೇಳಿದರೆ, ಎರಡು ತಿಂಗಳಿಂದ ಮುಟ್ಟಿಯೇ ಇಲ್ಲವಂತೆ. ಅವರ ಊರು ಕಮ್ಮರಡಿಯ ಕಡೆ ನಾಟಿ ಮದ್ದು ಹಿಡಿದವರು ಇಂಗ್ಲಿಷ್ ಮಾತ್ರೆ ಮುಟ್ಟುವುದಿಲ್ಲ. ಸೂಜಿಗೂ ಅದೇ ಪಥ್ಯ ಎಂದುಕೊಂಡು ಕಮಲಕ್ಕ ಚಾಚೂ ತಪ್ಪದೆ ಪಾಲಿಸಿದ್ದರು.

ಆಸಿಫಾಳ ಮೈ ಉರಿದುಹೋಯಿತು. ಐದೂವರೆ ವರ್ಷ ಪ್ರಕೃತಿ ಚಿಕಿತ್ಸೆ ಓದಿ ಬಂದು ಕೊಪ್ಪದಲ್ಲಿ ಸೂಜಿ ಚಿಕಿತ್ಸೆಯ ಬೋರ್ಡು ಹಾಕಿದವಳು ಅವಳು. ಅರ್ಧ ಊರಿಗೆ ಮಂತ್ರಗಾತಿ, ಇನ್ನರ್ಧಕ್ಕೆ ಮೋಸಗಾತಿ. ಪೇಟೆಯ ಡಾಕ್ಟರ್ ಯಜ್ಞೇಶರಂತೂ ಅವಳ ಚೀಟಿ ಹಿಡಿದು ಬಂದವರನ್ನು, ಟೈಲರ್ ಕಳಿಸಿದ್ದಾ ಎಂದು ಕೇಳಿ ನಗುವ ಪೈಕಿ. ಈ ಕಾಲು ಅವರ ಕಣ್ಣಿಗೆ ಬಿದ್ದರೆ ಅವಳ ಬಾಗಿಲು ಮುಚ್ಚಿಸದೆ ಬಿಡುತ್ತಾರೆಯೇ?

"ಮಾತ್ರೆ ಬಿಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ ಕಮಲಕ್ಕ?"

"ಇಲ್ಲ." ಕಮಲಕ್ಕ ಸೆರಗು ಸರಿಮಾಡಿಕೊಂಡರು. "ತಗೊಳ್ಳಿ ಅಂತಾನೂ ಹೇಳ್ಲಿಲ್ಲ."

ಆಸಿಫಾ ಹೇಳಿರಲಿಲ್ಲ, ನಿಜ. ಎಂಟು ವಾರ ಉರಿ ಕಡಿಮೆಯಾಯಿತೇ ಎಂದು ಕೇಳಿದ್ದೇ ಬಂತು. ಹೌದು ಎಂದಾಗಲೆಲ್ಲ ಹಿಗ್ಗಿದ್ದಳು. ಕಾಲು ಮರಗಟ್ಟುತ್ತಿದೆ ಎಂದು ಹೊಳೆಯಲಿಲ್ಲ, ಒಂದು ದಿನ ಅಂಗಾಲು ತಿರುಗಿಸಿ ನೋಡಲಿಲ್ಲ. ಈಗ ಅವಳ ಸಿಟ್ಟೆಲ್ಲ ತನ್ನ ಮೇಲೆಯೇ. ಸೂಜಿ ತೆಗೆದು, ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಗೀಚಿ, ಹೊರಗೆ ಕಾದಿದ್ದವರನ್ನು ಕಳಿಸಿ ಷಟರ್ ಎಳೆದಳು. ಕಮಲಕ್ಕನನ್ನು ಆಟೋ ಹತ್ತಿಸಿ, ತಾನೂ ಜೊತೆಗೆ ಯಜ್ಞೇಶರ ಆಸ್ಪತ್ರೆಗೆ ಹೊರಟಳು.

ಕಾಲು ನೋಡುತ್ತಲೇ ಯಜ್ಞೇಶರ ಮುಖ ಬಿಗಿಯಿತು. ಇಷ್ಟು ದಿನ ಯಾರ ಹತ್ತಿರ ತೋರಿಸುತ್ತಿದ್ದಿರಿ ಎಂದು ಕೇಳಿದರು.

ಕಮಲಕ್ಕ ಆಸಿಫಾಳತ್ತ ಒಮ್ಮೆ ನೋಡಿದರು. "ಯಾರ ಹತ್ರಾನೂ ಇಲ್ಲ. ಮನೇಲೇ ಅರಿಶಿನ ಹಚ್ಕೊಂಡಿದ್ದೆ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತನಗಾಗಿ ಹೇಳಿದ ಆ ಸುಳ್ಳು ಕೇಳಿ ಆಸಿಫಾಳಿಗೆ ಇನ್ನಷ್ಟು ರೇಗಿತು.

"ನಾನು ನೋಡ್ತಿದ್ದೆ ಸರ್," ಎಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. "ಎಂಟು ವಾರ. ಎಲ್ಲ ಬರ್ದಿದೀನಿ."

ಯಜ್ಞೇಶರು ನಗಲಿಲ್ಲ. ಹಾಳೆ ಓದಿ ಪಕ್ಕಕ್ಕಿಟ್ಟು, ಕೈಗವಸು ಹಾಕಿಕೊಂಡು, ಇಕ್ಕಳದಿಂದ ಹುಣ್ಣಿನ ಆಳ ನೋಡತೊಡಗಿದರು. ಇಕ್ಕಳ ಒಳಕ್ಕೆ ಹೋಗುತ್ತಲೇ ಇತ್ತು. ಕಮಲಕ್ಕ ಆಸಿಫಾಳನ್ನು ಹತ್ತಿರ ಕರೆದು, ಮುಂದಿನ ಸೋಮವಾರ ಸೂಜಿಗೆ ಎಷ್ಟು ಗಂಟೆಗೆ ಬರಲಿ ಎಂದು ಮೆಲ್ಲಗೆ ಕೇಳಿದರು.