ಇಪ್ಪತ್ನಾಲ್ಕರ ಜಾಗದಲ್ಲಿ ಹದಿನಾರು

ಪುಟ್ಟಕ್ಕನವರ ಟೈಪಿಂಗ್ ಶಾಲೆ ಚಿಕ್ಕನಾಯಕನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕೊಬ್ಬರಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಹುಳಿಯಾರು ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಮೇಯಿಸುವವರ ಮನೆಯಲ್ಲಿ ಹುಟ್ಟಿದ ಪುಟ್ಟಕ್ಕ ಇಂಗ್ಲಿಷ್ ಸೀನಿಯರ್ ಟೈಪಿಂಗ್ ಪಾಸು ಮಾಡಿದ ಆ ಹಟ್ಟಿಯ ಮೊದಲ ಹೆಣ್ಣುಮಗಳು. ತಾಲ್ಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ, ಬ್ಯಾಂಕಿನಲ್ಲಿ ಅವರ ಕೈಕೆಳಗೆ ಕಲಿತವರಿದ್ದರು. ಅವರು ಆ ಕಚೇರಿಗಳಿಗೆ ಬಂದರೆ ಕುರ್ಚಿಯಲ್ಲಿದ್ದ ಗುಮಾಸ್ತರು ಎದ್ದು ನಿಲ್ಲುತ್ತಿದ್ದರು. ಪುಟ್ಟಕ್ಕನವರಿಗೆ ಅದು ಇಷ್ಟವಾಗುತ್ತಿತ್ತು. ಇಷ್ಟವಿಲ್ಲದವರ ಹಾಗೆ ಅವರು ನಟಿಸುತ್ತಿರಲೂ ಇಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಟೈಪ್‌ರೈಟರ್ ಕಲಿಯಲು ಬರುವವರು ಬೆರಳೆಣಿಕೆಯಷ್ಟಾದರು. ತುಮಕೂರಿನಲ್ಲಿ ಮುಚ್ಚಿಹೋದ ಒಂದು ಕಚೇರಿಯಿಂದ ಪುಟ್ಟಕ್ಕ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ತರಿಸಿದರು. ಅವುಗಳೊಳಗೆ ಏನೂ ಇರಲಿಲ್ಲ. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸೀಡಿಗಳಿಂದ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಕಂಪ್ಯೂಟರನ್ನು ನಡೆಸುವ, ದುಡ್ಡಿಲ್ಲದೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶವನ್ನು ತಾವೇ ಹಾಕಿಕೊಂಡರು. ಅದರ ಕಪ್ಪು ಪರದೆಯಲ್ಲಿ ಅಪ್ಪಣೆಗಳನ್ನು ಒಂದೊಂದೇ ಅಕ್ಷರ ಟೈಪು ಮಾಡಿ ಕೊಡಬೇಕಿತ್ತು. ಬೇರೆಯವರಿಗೆ ಬೇಸರ ತರುತ್ತಿದ್ದ ಆ ಕೆಲಸ ಪುಟ್ಟಕ್ಕನವರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಲವತ್ತೇಳರ ವಯಸ್ಸಿನಲ್ಲಿ ಕೀಲಿಮಣೆಯ ಕಡೆ ನೋಡದೆ ಅವರು ಟೈಪು ಮಾಡುವುದನ್ನು ಹುಡುಗಿಯರು ಸುತ್ತ ನಿಂತು ನೋಡುತ್ತಿದ್ದರು.

ಆದರೂ ಆಷಾಢ ಕಳೆಯುವಷ್ಟರಲ್ಲಿ ಆರು ವಿದ್ಯಾರ್ಥಿಗಳು ಬರುವುದನ್ನು ನಿಲ್ಲಿಸಿದರು. ಕಾರಣ ಹೇಳಿದವಳು ನಯನ. ಆಕೆ ತೆಂಗಿನ ತೋಟದ ಮಾಯಣ್ಣನವರ ಮಗಳು, ಪಿಯುಸಿ ಮುಗಿಸಿದ್ದಳು, ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಲು ಬರದವಳು.

"ಎಲ್ಲಾ ದಯಾನಂದ್ ಸೆಂಟರ್‌ಗೆ ಹೋಗವ್ರೆ ಮೇಡಂ. ಅಲ್ಲಿ ಪಾಠ ಆದ್ಮೇಲೆ ಅರ್ಧ ಗಂಟೆ ಕಾರ್ ಗೇಮ್ ಆಡಕ್ಕೆ ಬುಡ್ತಾರಂತೆ."

"ಆಟ ಆಡಕ್ಕೆ ಕಂಪ್ಯೂಟರ್ ಕಲೀತಾರೇನೆ?"

"ಕಲಿಯಕ್ಕೂ ಆಟ ಬೇಕಲ್ವಾ ಮೇಡಂ. ಇಲ್ಲಿ ಬರೀ ಅಕ್ಷರ."

ಮರುದಿನ ದಯಾನಂದನೇ ಮೆಟ್ಟಿಲು ಹತ್ತಿ ಬಂದ. ಮುಖ್ಯರಸ್ತೆಯಲ್ಲಿ ಸೆಂಟರ್ ಇಟ್ಟುಕೊಂಡಿದ್ದ ಅವನೂ ಒಂದು ಕಾಲದಲ್ಲಿ ಇದೇ ಕೋಣೆಯಲ್ಲಿ ಜೂನಿಯರ್ ಟೈಪಿಂಗ್ ಕಲಿತವನು. ಕೆಟ್ಟ ಮನುಷ್ಯನಲ್ಲ. ಅಕ್ಕನ ಶಾಲೆ ಖಾಲಿಯಾಗುತ್ತಿರುವುದು ಅವನಿಗೂ ಮುಜುಗರ ತಂದಿತ್ತು.

"ಅಕ್ಕಾ, ಲಿನಕ್ಸಲ್ಲಿ ಗೇಮ್ ಓಡಲ್ಲ. ಯಾರನ್ನ ಕೇಳಿದ್ರೂ ಅದೇ ಹೇಳ್ತಾರೆ. ನನ್ನತ್ರ ವಿಂಡೋಸ್ ಕಾಪಿ ಐತೆ, ನಾಲ್ಕಕ್ಕೂ ಹಾಕ್ಕೊಟ್ಟು ಹೋಗ್ತೀನಿ."

"ಅದು ನೀನು ಕೊಂಡಿದ್ದೇನಪ್ಪಾ?"

ದಯಾನಂದ ನಕ್ಕ. "ಯಾರು ಕೊಂಡ್ಕೋತಾರೆ ಬುಡು ಅಕ್ಕಾ."

"ಹಂಗಾದ್ರೆ ಬ್ಯಾಡ. ಕದ್ದಿದ್ದನ್ನ ಇಟ್ಕೊಂಡು ನಾನು ಮಕ್ಕಳಿಗೆ ಪಾಠ ಹೇಳಲ್ಲ. ನನ್ನ ಮಿಷನ್‌ನಲ್ಲೇ ಗೇಮ್ ಓಡಿಸ್ತೀನಿ, ನೋಡ್ತಾ ಇರು."

ಅವನು ಹೋದ ಮೇಲೆ ತಾವು ಆಡಿದ ಮಾತು ದೊಡ್ಡದಾಯಿತೇ ಎಂದು ಪುಟ್ಟಕ್ಕನವರಿಗೆ ಅನ್ನಿಸಿತು. ಜೀವಮಾನದಲ್ಲಿ ಅವರು ಒಂದೇ ಒಂದು ಕಂಪ್ಯೂಟರ್ ಆಟವನ್ನೂ ಆಡಿರಲಿಲ್ಲ.

ಪತ್ರಿಕೆಯ ಸೀಡಿಯೊಂದರಲ್ಲಿ ಬೆಟ್ಟದ ರಸ್ತೆಯ ಮೇಲೆ ಕಾರು ಓಡಿಸುವ ಆಟವಿತ್ತು. ಲಿನಕ್ಸ್‌ಗಾಗಿಯೇ ಯಾರೋ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಅದನ್ನು ಹಾಕಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಈ ಆಟಕ್ಕೆ ಇಂಥದೊಂದು ಫೈಲು ಬೇಕು, ಅದು ಇಲ್ಲಿಲ್ಲ ಎಂದಿತು. ಪುಟ್ಟಕ್ಕ ಫೈಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಿ, ತಿಪಟೂರಿನ ಸೈಬರ್ ಕೆಫೆಗೆ ಹೋದರು. ಫೈಲನ್ನು ಇಳಿಸಿಕೊಂಡು, ಫ್ಲಾಪಿಯಲ್ಲಿ ತುಂಬಿ, ಫ್ಲಾಪಿಯನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ವಾಪಸು ಬಂದರು.

ಆ ಫೈಲಿಗೆ ಇನ್ನೊಂದು ಫೈಲು ಬೇಕಿತ್ತು.

ಎರಡನೆಯ ಸಲ ಹೋದರು. ಈ ಬಾರಿ ತಂದದ್ದು ತೀರ ಹೊಸದಾಗಿತ್ತು. ಹಳೆಯ ಲಿನಕ್ಸ್ ಅದನ್ನು ಹತ್ತಿರ ಸೇರಿಸಲಿಲ್ಲ. ಬೇಕಿದ್ದ ಫೈಲಿನ ಹೆಸರನ್ನೂ ತಂದದ್ದರ ಹೆಸರನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ನೋಡಿದಾಗ ಕೊನೆಯ ಒಂದು ಅಂಕಿ ಮಾತ್ರ ಬೇರೆಯಾಗಿರುವುದು ಕಂಡಿತು. ಮೂರನೆಯ ಸಲ ಸರಿಯಾದ ಅಂಕಿಯದನ್ನೇ ಹುಡುಕಿ ತಂದರು, ಮತ್ತು ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಫ್ಲಾಪಿಗಳಲ್ಲಿ ತಂದರು. ಒಂದು ದಾರಿಯಲ್ಲೇ ಕೆಟ್ಟಿತ್ತು. ಇನ್ನೊಂದು ಕೈಹಿಡಿಯಿತು.

ಆಟ ತೆರೆದುಕೊಂಡಿತು. ಹಸಿರು ಬೆಟ್ಟ, ನೀಲಿ ಆಕಾಶ, ಕೆಂಪು ಕಾರು. ಹುಡುಗಿಯರು ಬೆಂಚು ಬಿಟ್ಟು ಓಡಿ ಬಂದರು. ನಯನ ಕೀಲಿ ಒತ್ತಿದಳು. ಕಾರು ಒಂದು ಸಲ ಜಿಗಿದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಜಿಗಿದು ನಿಂತಿತು. ಎಡಕ್ಕೆ ತಿರುಗಿಸಿದರೆ, ಅದು ತಿರುಗುವಷ್ಟರಲ್ಲಿ ರಸ್ತೆಯೇ ಮುಗಿದು ಕಾರು ಕಣಿವೆಯಲ್ಲಿ ಬಿದ್ದಿರುತ್ತಿತ್ತು.

"ಪರವಾಗಿಲ್ಲ ಮೇಡಂ, ಬಂತಲ್ಲ," ಎಂದಳು ನಯನ.

"ಬಂದಿಲ್ಲ ಕಣೇ. ಇದು ಓಡೋದಲ್ಲ, ಕುಂಟೋದು."

ತಿಪಟೂರಿಗೆ ಮತ್ತೆ ಹೋದಾಗ ಪುಟ್ಟಕ್ಕ ಅಂತರ್ಜಾಲದಲ್ಲಿ ಲಿನಕ್ಸ್ ಬಳಸುವವರ ಒಂದು ವೇದಿಕೆಯನ್ನು ಹುಡುಕಿದರು. ಅಲ್ಲಿ ತಮ್ಮ ತೊಂದರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅವರಿಗೆ ಪತ್ರ ಬರೆಯಲು ಗೊತ್ತಿದ್ದದ್ದು ಒಂದೇ ರೀತಿ. ಬಲಗಡೆ ಊರು, ದಿನಾಂಕ. ಎಡಗಡೆ ಮಾನ್ಯರೇ. ನಡುವೆ ವಿಷಯ. ಕೆಳಗೆ ತಮ್ಮ ವಿಶ್ವಾಸಿ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಐದು ಉತ್ತರಗಳು ಬಂದಿದ್ದವು. ನಾಲ್ವರು ಆ ಕಂಪ್ಯೂಟರುಗಳನ್ನು ಎಸೆದು ಹೊಸದನ್ನು ಕೊಳ್ಳಿ ಎಂದಿದ್ದರು. ಐದನೆಯವನು ಒಂದೇ ಸಾಲು ಬರೆದಿದ್ದ. ನಿಮ್ಮ ಕಂಪ್ಯೂಟರ್ ಪರದೆಯನ್ನು ಶುರು ಮಾಡುವಾಗ ಏನೇನಾಯಿತು ಎಂಬುದನ್ನೆಲ್ಲ ಒಂದು ಲಾಗ್ ಫೈಲಿನಲ್ಲಿ ಬರೆದಿಡುತ್ತದೆ, ಅದನ್ನು ಓದಿ.

ಶಾಲೆಗೆ ಬಂದು ಆ ಫೈಲನ್ನು ತೆರೆದರು. ಮುಗಿಯುವಂತಿರಲಿಲ್ಲ. ಪರದೆಯ ಮೇಲೆ ಓದಿ ಅವರಿಗೆ ಅಭ್ಯಾಸವೂ ಇರಲಿಲ್ಲ. ಮೂಲೆಯಲ್ಲಿದ್ದ ಪ್ರಿಂಟರಿಗೆ ಕಳುಹಿಸಿದರು. ಅದು ಕರಕರ ಸದ್ದು ಮಾಡುತ್ತಾ ಹದಿನಾಲ್ಕು ಪುಟ ಉಗುಳಿತು. ಪುಟ್ಟಕ್ಕ ಆ ಪುಟಗಳನ್ನು ಮೇಜಿನ ಮೇಲಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ತೆಗೆದು, ವಿದ್ಯಾರ್ಥಿಗಳ ಉತ್ತರ ಪತ್ರಿಕೆ ತಿದ್ದುವ ಹಾಗೆ ಮೊದಲ ಸಾಲಿನಿಂದ ಓದತೊಡಗಿದರು. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಇಷ್ಟು ವರ್ಷ ಅವರು ಟೈಪು ಮಾಡಿದ ಕೋರ್ಟಿನ ಕಾಗದಗಳೂ ಎಲ್ಲಿ ಅರ್ಥವಾಗಿದ್ದವು? ಅರ್ಥವಾಗದಿದ್ದರೂ ಎಲ್ಲಿ ತಪ್ಪಿದೆ ಎಂದು ಕಣ್ಣಿಗೆ ಬೀಳುತ್ತಿತ್ತು.

ಒಂಬತ್ತನೆಯ ಪುಟದಲ್ಲಿ ಪೆನ್ನು ನಿಂತಿತು. ಪರದೆಯ ಚಿತ್ರ ಬಿಡಿಸುವ ಈ ಚಿಪ್‌ನಲ್ಲಿ ವೇಗದ ಚಿತ್ರಣ ಹದಿನಾರು ಬಿಟ್ ಬಣ್ಣದಲ್ಲಿ ಮಾತ್ರ ನಡೆಯುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಲಾಗಿದೆ, ಎಂದು ಆ ಸಾಲು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಪುಟ್ಟಕ್ಕ ಅದನ್ನು ಮೂರು ಸಲ ಓದಿದರು. ಆಮೇಲೆ ನಯನಳನ್ನು ಕರೆದು ಓದಿಸಿದರು.

"ಹಂಗಂದ್ರೆ ನಮ್ಮದು ಎಷ್ಟು ಬಿಟ್‌ನಲ್ಲಿ ಐತೆ ಮೇಡಂ?"

"ಅದನ್ನೇ ನೋಡ್ಬೇಕು. ಬಿಟ್ ಹೆಚ್ಚಾದಷ್ಟೂ ಬಣ್ಣ ಹೆಚ್ಚು."

ಪರದೆಯ ಲೆಕ್ಕಾಚಾರವೆಲ್ಲ ಇರುವ ಫೈಲನ್ನು ತೆರೆದರು. ಬಣ್ಣದ ಸಾಲಿನಲ್ಲಿ ಇಪ್ಪತ್ನಾಲ್ಕು ಎಂದಿತ್ತು. ಹೆಚ್ಚು ಬಣ್ಣ ಇದ್ದರೆ ಚೆನ್ನಾಗಿರುತ್ತದೆಂದು ಲಿನಕ್ಸ್ ಹಾಕುವ ದಿನ ಪುಟ್ಟಕ್ಕನವರೇ ಆರಿಸಿದ್ದ ಸಂಖ್ಯೆ ಅದು. ಕಂಪ್ಯೂಟರ್ ಪಾಪ ಅಷ್ಟು ಬಣ್ಣಗಳನ್ನೂ ಹೊತ್ತುಕೊಂಡು, ಆ ಚಿಪ್‌ನ ಸಹಾಯವಿಲ್ಲದೆ, ಬೆಟ್ಟ ಕಾರು ಆಕಾಶಗಳನ್ನೆಲ್ಲ ಕೈಯಲ್ಲಿ ಬರೆದಂತೆ ಒಂದೊಂದೇ ಚಿತ್ರ ಬಿಡಿಸುತ್ತಿತ್ತು.

"ತಪ್ಪು ನಂದೇ ಕಣೇ," ಎಂದರು ಪುಟ್ಟಕ್ಕ. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ.

ಮೊದಲು ಫೈಲಿನ ಒಂದು ನಕಲು ಮಾಡಿಟ್ಟರು. ಕಾರ್ಬನ್ ಪ್ರತಿ ಇಲ್ಲದೆ ಯಾವ ಕಾಗದವನ್ನೂ ಅವರು ಹೊರಗೆ ಕೊಟ್ಟವರಲ್ಲ. ಆಮೇಲೆ ಇಪ್ಪತ್ನಾಲ್ಕನ್ನು ಅಳಿಸಿ ಹದಿನಾರು ಎಂದು ಟೈಪು ಮಾಡಿದರು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಆಕಾಶದ ನೀಲಿ ಈಗ ಅಷ್ಟು ನುಣುಪಾಗಿರಲಿಲ್ಲ, ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು.

ನಯನ ಕೀಲಿ ಒತ್ತಿದಳು. ಕಾರು ಹೊರಟಿತು.

ಅದು ನಿಲ್ಲಲಿಲ್ಲ. ತಿರುವಿನಲ್ಲಿ ತಿರುಗಿತು, ಇಳಿಜಾರಿನಲ್ಲಿ ಜಾರಿತು, ಸೇತುವೆ ದಾಟಿತು. ಹಿಂದೆ ನಿಂತಿದ್ದ ಹುಡುಗಿಯರು ಒಬ್ಬರ ಭುಜವನ್ನೊಬ್ಬರು ಹಿಡಿದುಕೊಂಡಿದ್ದರು. ಪುಟ್ಟಕ್ಕ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಕೆಳಗೆ ಕೊಬ್ಬರಿ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದರು. ಅವರಿಗೆ ಆ ಚೀಲಗಳು ಸರಿಯಾಗಿ ಕಾಣಿಸಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಏನೂ ಆಗದವರಂತೆ ವಾಪಸು ಬಂದು, "ಉಳಿದ ಮೂರಕ್ಕೂ ನೀವೇ ಮಾಡ್ರಿ. ನಾನು ನೋಡ್ತೀನಿ," ಎಂದರು.

ಸುದ್ದಿ ಕೇಳಿ ದಯಾನಂದ ಬಂದ. ಒಂದು ಸುತ್ತು ಆಡಿದ. ಇನ್ನೊಂದು ಸುತ್ತು ಆಡಿದ. ಎದ್ದು ಪೆಟ್ಟಿಗೆಯ ಹಿಂಭಾಗ ನೋಡಿದ, ಹೊಸದೇನನ್ನಾದರೂ ಒಳಗೆ ಸೇರಿಸಿದ್ದಾರೋ ಎಂದು.

"ಏನೂ ಹಾಕಿಲ್ಲ ಕಣಪ್ಪ. ಒಂದು ನಂಬರ್ ಬದಲಾಯಿಸ್ದೆ, ಅಷ್ಟೆ."

"ಯಾರು ಹೇಳ್ಕೊಟ್ರು ಅಕ್ಕಾ?"

"ಅದೇ ಹೇಳ್ತು. ಒಂಬತ್ತನೇ ಪುಟದಲ್ಲಿ ಬರೆದಿತ್ತು. ಓದೋರು ಬೇಕಾಗಿತ್ತು."

ದಯಾನಂದ ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ಸರಿಸಿ, "ನಮ್ಮಲ್ಲಿ ಎರಡು ಮಿಷನ್ ಕೆಟ್ಟು ಕೂತವೆ ಅಕ್ಕಾ. ಬಿಡುವಾದಾಗ ಒಂದ್ಸಲ ಬಂದು ನೋಡ್ತೀಯಾ?" ಎಂದ. ಅವನು ಅದನ್ನು ತಮಾಷೆಗೆ ಕೇಳಿರಲಿಲ್ಲ.

"ಬತ್ತೀನಿ ಹೋಗು. ಲಾಗ್ ಪ್ರಿಂಟ್ ತೆಗೆದಿಟ್ಟಿರು," ಎಂದರು ಪುಟ್ಟಕ್ಕ.

ಹೋದ ಆರು ಜನರಲ್ಲಿ ನಾಲ್ವರು ಆ ತಿಂಗಳೇ ಮರಳಿದರು. ಪಾಠ ಮುಗಿದ ಮೇಲೆ ಅರ್ಧ ಗಂಟೆ ಆಟ. ಆದರೆ ಆಡುವ ಮೊದಲು ಆಟವನ್ನು ತೆಗೆದು ಮತ್ತೆ ತಾವೇ ಹಾಕಬೇಕು, ಫೈಲುಗಳ ಹೆಸರುಗಳನ್ನು ತಪ್ಪಿಲ್ಲದೆ ಬರೆಯಬೇಕು ಎಂದು ಪುಟ್ಟಕ್ಕ ನಿಯಮ ಮಾಡಿದರು. ಹುಡುಗಿಯರು ಗೊಣಗಿದರು, ಕಲಿತರು.

ಮುಂದಿನ ಬಾರಿ ತಿಪಟೂರಿಗೆ ಹೋದಾಗ ಪುಟ್ಟಕ್ಕ ವೇದಿಕೆಯಲ್ಲಿ ಪರಿಹಾರವನ್ನು ಬರೆದರು. ದಿನಾಂಕ, ಉಲ್ಲೇಖ, ವಿಷಯ, ತಪ್ಪಾದ ಸಂಖ್ಯೆ, ಸರಿಯಾದ ಸಂಖ್ಯೆ, ಎಲ್ಲವೂ ಒಂದೇ ಪುಟದಲ್ಲಿ. ಹದಿನೈದು ದಿನದ ಮೇಲೆ ಅದಕ್ಕೊಂದು ಉತ್ತರ ಬಂದಿತ್ತು. ಬರೆದವರು ಪೋಲೆಂಡಿನ ಯಾವುದೋ ಊರಿನ ಶಾಲೆಯ ಮಾಸ್ತರು. ಅವರಲ್ಲೂ ಇದೇ ಚಿಪ್‌ನ ಹನ್ನೆರಡು ಹಳೆಯ ಕಂಪ್ಯೂಟರುಗಳಿದ್ದವಂತೆ, ಎಸೆಯಬೇಕೆಂದು ಜೋಡಿಸಿಟ್ಟಿದ್ದರಂತೆ. ಈಗ ಹನ್ನೆರಡರಲ್ಲೂ ಮಕ್ಕಳು ಆಡುತ್ತಿದ್ದಾರೆ ಎಂದು ಬರೆದು, "ಮಿಸ್ಟರ್ ಪುಟ್ಟಕ್ಕ ಅವರಿಗೆ ನಮ್ಮ ಶಾಲೆಯ ಪರವಾಗಿ ಧನ್ಯವಾದ" ಎಂದು ಮುಗಿಸಿದ್ದರು.

ಪುಟ್ಟಕ್ಕ ಆ ಪುಟವನ್ನು ಎರಡು ಪ್ರತಿ ಮುದ್ರಿಸಿಕೊಂಡರು. ಆಮೇಲೆ ಕುರ್ಚಿಯಲ್ಲಿ ನೇರವಾಗಿ ಕೂತು, ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು, ಉತ್ತರ ಟೈಪು ಮಾಡಿದರು. ಮಾನ್ಯರೇ, ತಮ್ಮ ಪತ್ರ ತಲುಪಿ ಸಂತೋಷವಾಯಿತು. ಒಂದು ಸಣ್ಣ ತಿದ್ದುಪಡಿ ಇದೆ. ನಾನು ಮಿಸ್ಟರ್ ಅಲ್ಲ.