ಕಂಡಕ್ಟರಮ್ಮನ ಬಾಯಿಗೆ ರಜೆ

ಆ ಮನೆಯಲ್ಲಿ ಮಾತಿನ ಖಾತೆ ಮೊದಲಿನಿಂದಲೂ ಹೆಂಡತಿಯದು. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಕೂಗಿದರೆ ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನವರೂ ಒಂದು ಹೆಜ್ಜೆ ಒಳಗೆ ಸರಿಯುತ್ತಿದ್ದರು. ನೆಂಟರು ಕೂಡ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು.

ಗಂಡ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪುಗಳ ಜೊತೆ ದಿನ ಕಳೆಯುವವನಿಗೆ, ಬಾಯಿ ಬಿಟ್ಟರೆ ತಿರುಪು ಎಲ್ಲಿ ಹಾರಿಹೋಗುತ್ತದೋ ಎಂಬ ಭಯ. ಆ ಭಯ ಮನೆಗೆ ಬಂದ ಮೇಲೂ ಬಿಡುತ್ತಿರಲಿಲ್ಲ. "ಹ್ಞೂಂ", "ಆಯ್ತು", "ನೋಡೋಣ", ಇಷ್ಟರಲ್ಲೇ ಸಂಸಾರ ನಡೆಸಿ, ಮಗಳನ್ನು ಓದಿಸಿ, ಅವಳು ಒಂದು ಅಚ್ಚುಮನೆಯಲ್ಲಿ ಕೆಲಸಕ್ಕೆ ಸೇರುವುದನ್ನೂ ನೋಡಿದ್ದ. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮನೇಲಿ ಬಂಗಾರ ಇಡೋಕೆ ಜಾಗ ಸಾಲ್ತಿಲ್ಲ" ಎಂದು ಅವಳು ನಗುತ್ತಿದ್ದಳು.

ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾದಾಗಲೂ ಮಾತಾಡಿದವಳು ಅವಳೇ. ಡಾಕ್ಟರನ್ನು ಪ್ರಶ್ನೆ ಕೇಳಿದ್ದು ಅವಳು, ಗಂಡನಿಗೆ ಧೈರ್ಯ ಹೇಳಿದ್ದು ಅವಳು, ಮಗಳ ಕಣ್ಣು ಒರೆಸಿ "ನಂಗೆ ಬಂದಿದ್ದಕ್ಕೆ ನೀನ್ಯಾಕೆ ಅಳ್ತೀಯಾ, ನಿಂಗೆ ನೆಗಡಿ ಬಂದಾಗ ಅಳು" ಎಂದು ಗದರಿದ್ದೂ ಅವಳೇ. ಕೀಮೋ ಔಷಧಿಯ ಮೊದಲ ಎರಡು ಸುತ್ತು ಹೇಗೋ ಕಳೆದವು. ತಲೆಗೂದಲು ಹೋಯಿತು, ಮಾತು ಹೋಗಲಿಲ್ಲ.

ಮೂರನೆಯ ಸುತ್ತಿಗೆ ಬಾಯಿ ತುಂಬ ಹುಣ್ಣು. ತುಟಿಯ ಒಳಗೆ, ನಾಲಿಗೆಯ ಕೆಳಗೆ, ಗಂಟಲವರೆಗೆ. ನೀರು ಕುಡಿದರೂ ಬೆಂಕಿ ನುಂಗಿದ ಹಾಗೆ. ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, "ಹುಣ್ಣು ಮಾಯೋವರೆಗೆ ಮಾತೇ ಆಡಬಾರದು. ಬಾಯಿಗೆ ಪೂರ್ತಿ ರಜೆ" ಎಂದರು.

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಕಿಟಕಿ ನೋಡಿದ.

"ಅಪ್ಪಾ, ಹಗಲಲ್ಲಿ ನಂಗೆ ಕೆಲಸ ಇದೆ. ಡಾಕ್ಟರು ಬಂದ್ರೆ ಎಲ್ಲಾ ನೀನೇ ಹೇಳ್ಬೇಕು."

"ನೋಡೋಣ" ಎಂದ ಅಪ್ಪ.

ಮಾರನೆಯ ಬೆಳಗ್ಗೆ ಡಾಕ್ಟರು ಬಂದು "ಹೇಗಿದ್ದಾರೆ?" ಎಂದು ಕೇಳಿದರು. ಗಂಡ ಗಂಟಲು ಸರಿಮಾಡಿಕೊಂಡು "ಪರವಾಗಿಲ್ಲ" ಎಂದ. ಠಣ್! ಕಂಡಕ್ಟರಮ್ಮ ಸ್ಟೀಲ್ ಚಮಚದಿಂದ ಮಂಚದ ಕಂಬಿಗೆ ಹೊಡೆದಳು. ಪಕ್ಕದ ಮಂಚದ ಟೀಚರಮ್ಮ ಬೆಚ್ಚಿ ಎದ್ದು ಕೂತರು. ಮೂವತ್ತು ವರ್ಷ ಬಸ್ಸಿನ ಗಂಟೆ ಎಳೆದ ಕೈ ಅದು. ಒಂದು ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಗಂಡನಿಗೆ ಅರ್ಥವಾಯಿತು.

"ಅಂದ್ರೆ... ಬೆಳಗ್ಗೆ ವಾಂತಿ ಆಯ್ತು" ಎಂದ.

ಠಣ್ ಠಣ್.

"ರಾತ್ರಿ ನಿದ್ದೆ ಇಲ್ಲ. ಬಲಗಡೆ ಹುಣ್ಣು ಜಾಸ್ತಿ. ಗಂಜಿಗೆ ಉಪ್ಪು ಹಾಕಿದ್ರೆ ಉರಿಯುತ್ತೆ, ಹಾಕದಿದ್ರೆ ಇಳಿಯಲ್ಲ."

ಡಾಕ್ಟರು ನೋವಿಗೆ ಬೇರೆ ಔಷಧಿ ಬರೆದರು. ಅವರು ಹೋದ ಮೇಲೆ ಗಂಡ ಹಣೆ ಒರೆಸಿಕೊಂಡು ಕೂತ. ಮದುವೆಯಾದ ಮೇಲೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಆದರೆ ಡಾಕ್ಟರಿಗೆ ಹೇಳುವುದು ಹಾಗಿರಲಿ, ದೊಡ್ಡಮ್ಮನಿಗೆ ಹೇಳುವುದು ಬೇರೆಯೇ ಸಂಗತಿ. ಕಂಡಕ್ಟರಮ್ಮನ ಅಕ್ಕ ಅವರು. ತಂಗಿಗೆ ಕಾಯಿಲೆ ಎಂದು ತಿಳಿದ ದಿನದಿಂದ ಅವರಿಗೆ ಗೊತ್ತಿಲ್ಲದ ಔಷಧಿಯೇ ಇರಲಿಲ್ಲ. ಇಷ್ಟು ದಿನ ಅವರ ಫೋನಿಗೆ ತಂಗಿಯೇ ತಕ್ಕ ಉತ್ತರ ಕೊಡುತ್ತಿದ್ದಳು. ಈಗ ಸ್ಪೀಕರ್ ಹಾಕಿದ ಫೋನು ತಂಗಿಯ ಗಂಡನ ಕೈಯಲ್ಲಿತ್ತು.

"ನಾನು ಒಂದು ಸೊಪ್ಪಿನ ರಸ ಮಾಡಿದೀನಿ. ನಮ್ಮ ಓರಗಿತ್ತಿಯ ತಮ್ಮನ ಸ್ನೇಹಿತರಿಗೆ ಮೂರೇ ಲೋಟಕ್ಕೆ ವಾಸಿ ಆಯ್ತಂತೆ. ಸ್ವಲ್ಪ ಉರಿಯುತ್ತೆ, ಅಷ್ಟೆ. ತರ್ತಾ ಇದೀನಿ."

"ಆಯ್..." ಎಂದು ಗಂಡ ಬಾಯಿ ತೆರೆದ. ಠಣ್! ಠಣ್! ಠಣ್! ಠಣ್! ಇಷ್ಟು ಸಲ ಗಂಟೆ ಹೊಡೆದರೆ ಬಸ್ಸಿಗೆ ಬೆಂಕಿ ಬಿದ್ದಿದೆ ಎಂದರ್ಥ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಗಂಡ ಅದನ್ನು ನೋಡಿದ. ಒಳಗೆಲ್ಲೋ ಬಿಗಿಯಾಗಿದ್ದ ಸ್ಪ್ರಿಂಗು ಸಡಿಲವಾಯಿತು.

"ಬೇಡ ಅಕ್ಕಾ" ಎಂದ. "ನೀರು ನುಂಗೋಕೂ ಆಗದೆ ಒದ್ದಾಡ್ತಿದಾಳೆ. ರಸ ನೀವೇ ಕುಡೀರಿ, ಮೂರು ಲೋಟನೂ. ನೋಡೋಕೆ ಬನ್ನಿ, ಖಂಡಿತ ಬನ್ನಿ. ಬರೀ ಕೈಯಲ್ಲಿ ಬನ್ನಿ. ಆದ್ರೆ ಬಾಯಿ ಮನೇಲೇ ಬಿಟ್ಟು ಬನ್ನಿ."

ಟೀಚರಮ್ಮ ಚಪ್ಪಾಳೆ ತಟ್ಟಿದರು. ಕಂಡಕ್ಟರಮ್ಮ ನಗಲು ಹೋಗಿ, ನೋವಿಗೆ ಎರಡೂ ಕೆನ್ನೆ ಹಿಡಿದುಕೊಂಡು, ಕಣ್ಣಲ್ಲೇ ನಕ್ಕಳು. ದೊಡ್ಡಮ್ಮ ಫೋನು ಇಟ್ಟವರು ಸಂಜೆ ನಿಜವಾಗಿಯೂ ಬರಿಗೈಯಲ್ಲಿ ಬಂದರು. ಬಾಯಿ ಬಿಗಿದುಕೊಂಡು ಕೂತು, ತಂಗಿಯ ಕಾಲು ಒತ್ತಿ ಹೋದರು. ಅದು ಯಾವ ರಸಕ್ಕಿಂತಲೂ ಹಿತವಾಗಿತ್ತು.

ಅಲ್ಲಿಂದ ಕಟ್ಟೆ ಒಡೆಯಿತು. ಮೊದಮೊದಲು ಹೆಂಡತಿಗೆ ಬೇಸರವಾಗಬಾರದೆಂದು ಅಂಗಡಿಯ ಸುದ್ದಿ ಹೇಳತೊಡಗಿದ. ಸತ್ತ ಗಂಡನ ವಾಚನ್ನು ಪ್ರತಿ ತಿಂಗಳೂ ತಂದು "ಐದು ನಿಮಿಷ ಹಿಂದಿಡಿ, ಅವರು ಯಾವತ್ತೂ ಸರಿಯಾದ ಸಮಯಕ್ಕೆ ಬಂದವರಲ್ಲ" ಎನ್ನುವ ಮುದುಕಿಯ ಕತೆ. ಅಲಾರಂ ಹೊಡೆಯುತ್ತಿಲ್ಲ ಎಂದು ಜಗಳಕ್ಕೆ ಬಂದ ಕಿವುಡನ ಕತೆ. ಅಷ್ಟು ವರ್ಷ ಅವನು ಒಂದನ್ನೂ ಮನೆಗೆ ತಂದಿರಲಿಲ್ಲ. ಎಲ್ಲವೂ ಎಣ್ಣೆ ಹಾಕಿಟ್ಟಂತೆ ಒಳಗೇ ಇದ್ದವು. ಟೀಚರಮ್ಮ ತಮ್ಮ ದಿಂಬನ್ನು ಈ ಕಡೆಗೆ ತಿರುಗಿಸಿಕೊಂಡರು. ನರ್ಸು ಬಂದ ಕೆಲಸ ಮುಗಿದರೂ ಡ್ರಿಪ್ಪಿನ ಹನಿ ಬೀಳುವುದನ್ನು ನೋಡುವ ನೆಪದಲ್ಲಿ ನಿಲ್ಲುತ್ತಿದ್ದಳು.

ಕಂಡಕ್ಟರಮ್ಮನ ಪಾಡು ಯಾರಿಗೂ ಬೇಡ. ಹೇಳಲು ಮಾತು ಗಂಟಲವರೆಗೆ ಬರುತ್ತದೆ, ಅಲ್ಲೇ ಹುಣ್ಣು. "ಆ ಮುದುಕಿ ನಮ್ಮ ಬಸ್ಸಲ್ಲೇ ಬರ್ತಾಳೆ" ಎನ್ನಬೇಕು, ಆಗುವುದಿಲ್ಲ. ತಡೆಯಲಾರದೆ ಠಣ್ ಎಂದು ಒಂದು ಹೊಡೆದಳು.

"ಮುಂದಿನ ಸ್ಟಾಪಲ್ಲಿ ನಿಲ್ಲಿಸ್ತೀನಿ" ಎಂದು ಗಂಡ ಕತೆ ಮುಂದುವರಿಸಿದ.

ಸಂಜೆ ಬಂದ ಮಗಳು ಬಾಗಿಲಲ್ಲೇ ನಿಂತು ಅಪ್ಪನ ಕತೆ ಕೇಳಿಸಿಕೊಂಡಳು. "ಅಮ್ಮಾ, ಇವರು ಯಾರು?" ಎಂದಳು. ಅಮ್ಮ ಹಣೆ ಚಚ್ಚಿಕೊಂಡಳು.

ಆಮೇಲೆ ಜ್ವರ ಬಂತು. ರಕ್ತದಲ್ಲಿ ಬಿಳಿ ಕಣಗಳು ತೀರಾ ಇಳಿದಿವೆ ಎಂದು ಅವಳನ್ನು ಒಂಟಿ ಕೋಣೆಗೆ ಹಾಕಿದರು. ಒಬ್ಬರಿಗೆ ಮಾತ್ರ ಪ್ರವೇಶ, ಅದೂ ಮೂಗು ಬಾಯಿ ಮುಚ್ಚಿಕೊಂಡು. ಡಾಕ್ಟರು "ಕಾದು ನೋಡೋಣ" ಎಂದರು. 'ನೋಡೋಣ' ಎಂಬ ಮಾತನ್ನು ಗಂಡ ಜೀವಮಾನವಿಡೀ ಆಡಿದ್ದ. ಕೇಳಿಸಿಕೊಂಡವರಿಗೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಅವನು ಮಂಚದ ಪಕ್ಕ ಕೂತ, ಅಷ್ಟೆ. ಕತೆಯಿಲ್ಲ, ಹ್ಞೂಂ ಕೂಡ ಇಲ್ಲ. ಅವಳ ಮೈ ಕೆಂಡದಂತೆ ಸುಡುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳ ಕೈ ಚಮಚವನ್ನು ತಡಕಿತು. ಠಣ್. ಶಕ್ತಿ ಸಾಲದೆ ಸ್ವಲ್ಪ ತಡವಾಗಿ, ಇನ್ನೊಂದು. ಠಣ್.

ಹೊರಡು.

"ಏನು ಹೇಳ್ಲಿ?" ಎಂದ ಅವನು. "ಅಂಗಡಿ ಕತೆ ಎಲ್ಲಾ ಮುಗೀತು. ಇನ್ನೊಂದಿದೆ. ನಿಂಗೆ ಗೊತ್ತಿರೋದೇ, ಆದ್ರೆ ನಿಂಗೆ ತಪ್ಪಾಗಿ ಗೊತ್ತಿದೆ. ದಿನಾ ನಾನು ನಿನ್ನ ಬಸ್ಸಲ್ಲಿ ನಿದ್ದೆ ಹೋಗಿ ಸ್ಟಾಪ್ ತಪ್ಪಿಸ್ಕೊಂಡು ಕೊನೇವರೆಗೂ ಬರ್ತಿದ್ದೆ, ನೀನು ಎಬ್ಬಿಸಿ ಇಳಿಸ್ತಿದ್ದೆ, ಅಯ್ಯೋ ಪಾಪ ಅಂತ ನನ್ನ ಮದುವೆ ಆದೆ. ಊರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದೀಯ. ನಾನು ನಿದ್ದೆ ಮಾಡ್ತಿರಲಿಲ್ಲ ಕಣೇ. ಕಣ್ಣು ಮುಚ್ಕೊಂಡು ನೀನು ಕೂಗೋದನ್ನ ಕೇಳ್ತಿದ್ದೆ. ಅಂಗಡೀಲಿ ಇಡೀ ದಿನ ಟಿಕ್ ಟಿಕ್. ನಿನ್ನ ಬಸ್ಸಲ್ಲಿ ಒಂದು ಜೀವಂತ ಸದ್ದು."

ಅವಳು ಕಣ್ಣು ತೆರೆಯಲಿಲ್ಲ. ಚಮಚವನ್ನೂ ಕೆಳಗಿಡಲಿಲ್ಲ. ಅವನು ಮಾತಾಡುತ್ತಲೇ ಇದ್ದ. ನರ್ಸು ಹೊಸ ಔಷಧಿ ಏರಿಸಿ ಹೋದಳು, ಕಿಟಕಿಯ ಬಿಸಿಲು ಗೋಡೆಗೆ ಹತ್ತಿತು, ಅವನ ಗಂಟಲು ಬಿದ್ದುಹೋಯಿತು. ಎರಡು ದಿನ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಮೂರನೆಯ ಬೆಳಗ್ಗೆ ಹಣೆ ಮುಟ್ಟಿದರೆ ತಣ್ಣಗಿತ್ತು.

ಬಿಳಿ ಕಣಗಳು ಮೇಲೆದ್ದ ಹಾಗೆ ಹುಣ್ಣುಗಳೂ ಒಣಗಿದವು. ಡಾಕ್ಟರು ಮತ್ತೆ ಟಾರ್ಚು ಬಿಟ್ಟು ನೋಡಿ, "ಇನ್ನು ಮೆಲ್ಲಗೆ ಮಾತಾಡಬಹುದು" ಎಂದರು. ಗಂಡ, ಮಗಳು, ನರ್ಸು ಮೂವರೂ ಬಾಗಿ ನಿಂತರು. ಇಷ್ಟು ದಿನದ ನೋವಿನ ಮೇಲೆ ಮೊದಲ ಮಾತು ಏನು ಬರುತ್ತದೋ ಎಂದು ಮಗಳ ಕಣ್ಣು ಆಗಲೇ ಒದ್ದೆ.

ಕಂಡಕ್ಟರಮ್ಮ ತುಟಿ ಒದ್ದೆ ಮಾಡಿಕೊಂಡು, ಗಂಡನನ್ನೇ ದಿಟ್ಟಿಸಿ, ಬಿರುಕು ದನಿಯಲ್ಲಿ ಕೇಳಿದಳು:

"ಹಂಗಾದ್ರೆ ಬಸ್ಸಲ್ಲಿ ಗೊರಕೆ ಹೊಡೀತಿದ್ದಿದ್ದು ಯಾರು?"

ಗಂಡ ತಬ್ಬಿಬ್ಬಾದ. "ಅದು... ಒಂದೆರಡು ಸಲ ನಿಜವಾಗ್ಲೂ ನಿದ್ದೆ ಬಂದಿರಬಹುದು" ಎಂದ. ನರ್ಸು ನಗು ತಡೆಯಲಾರದೆ ಹೊರಗೆ ಓಡಿದಳು.

ಚಿಕಿತ್ಸೆ ಇನ್ನೂ ಬಾಕಿಯಿತ್ತು. ಮುಂದಿನ ಸುತ್ತುಗಳೂ ಸುಲಭವಾಗಿರಲಿಲ್ಲ. ವಾಂತಿ ಇತ್ತು, ಸುಸ್ತು ಇತ್ತು, ಒಮ್ಮೊಮ್ಮೆ ಗೋಡೆ ಕಡೆ ತಿರುಗಿ ಮಲಗಿ ಯಾರೂ ಬೇಡ ಎನ್ನುವ ದಿನಗಳೂ ಇದ್ದವು. ಆದರೆ ಮಾತಿಗೆ ಬರವಿರಲಿಲ್ಲ. ಅವಳು ಒಂದು ಹೇಳಿದರೆ ಅವನು ಎರಡು ಹೇಳುತ್ತಿದ್ದ. ಯಾವ ಮುದುಕಿ ಯಾವ ಸ್ಟಾಪಿನಲ್ಲಿ ಹತ್ತುತ್ತಾಳೆಂದು ಇಬ್ಬರೂ ವಾದ ಮಾಡುತ್ತಿದ್ದರು. ಮಗಳು ಅಚ್ಚುಯಂತ್ರಗಳ ಮುಂದೆ ಕಿವಿಗಿಟ್ಟುಕೊಳ್ಳುತ್ತಿದ್ದ ರಬ್ಬರ್ ಬಿರಡೆಗಳನ್ನು ಮನೆಗೂ ತರತೊಡಗಿದಳು.

ಕೊನೆಯ ಸುತ್ತು ಮುಗಿದು ಸ್ಕ್ಯಾನ್ ಆದ ಮೇಲೆ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎದುರಿಗೆ ಗಂಡ, ಹೆಂಡತಿ, ಮಗಳು ಸಾಲಾಗಿ ಕೂತಿದ್ದರು.

"ಗಂಟು ಎಲ್ಲೂ ಕಾಣ್ತಿಲ್ಲ. ಆದ್ರೂ ಆಗಾಗ ಬಂದು ತೋರಿಸ್ತಾ ಇರಬೇಕು. ಸದ್ಯಕ್ಕೆ ಮನೆಗೆ ಹೋಗಿ, ನೆಮ್ಮದಿಯಾಗಿರಿ" ಎಂದರು. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಏನಾದ್ರೂ ಕೇಳೋದಿದ್ಯಾ?"

ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಶುರು ಮಾಡಿದರು.

ಮಗಳು ಸದ್ದಿಲ್ಲದೆ ಎದ್ದು, ಬಾಗಿಲು ತೆರೆದು, ಹೊರಗೆ ಕಾಯುತ್ತಿದ್ದವರಿಗೆ ಹೇಳಿದಳು: "ಇನ್ನೂ ಸ್ವಲ್ಪ ಹೊತ್ತಾಗುತ್ತೆ. ಕ್ಯಾಂಟೀನಿಗೆ ಹೋಗೋರು ಹೋಗಿ ಬನ್ನಿ."