ಆಶಾ ಪುಟ್ಟಲಕ್ಷ್ಮಿಯ ಬಿಕ್ಕಳಿಕೆ

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಯಾರೋ ತನ್ನನ್ನು ನೋಡಿಯೇ ಕಟ್ಟಿರಬೇಕು ಎಂದು ಪುಟ್ಟಲಕ್ಷ್ಮಿಗೆ ಎಷ್ಟೋ ಸಲ ಅನ್ನಿಸಿತ್ತು. ಅಂತರಸಂತೆ ಪಕ್ಕದ ಒಂದು ಹಳ್ಳಿಗೆ ಅವಳು ಹನ್ನೆರಡು ವರ್ಷದಿಂದ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಮನೆಮನೆಗೆ ಹೋಗಿ ಹೊಗೆಸೊಪ್ಪು ಬಿಡಿ, ಕಡ್ಡಿಪುಡಿ ಮುಟ್ಟಬೇಡಿ ಎಂದು ಭಾಷಣ ಬಿಗಿಯುವುದು ಅವಳ ಕೆಲಸ. ಭಾಷಣ ಮುಗಿಸಿ ಯಾವುದಾದರೂ ಹಿತ್ತಿಲ ಸಂದಿಗೆ ಸರಿದು, ಅಂಗೈಯಲ್ಲಿ ಚಿಟಿಕೆ ಕಡ್ಡಿಪುಡಿಗೆ ಸುಣ್ಣ ಸೇರಿಸಿ ತಿಕ್ಕಿ ದವಡೆಗೆ ಒತ್ತಿಕೊಳ್ಳುವುದು ಅವಳ ಚಟ. ಎರಡನ್ನೂ ಒಂದು ದಿನವೂ ತಪ್ಪಿಸಿದವಳಲ್ಲ. ಶಿಸ್ತು ಅಂದರೆ ಶಿಸ್ತು.

ಮನಸ್ಸು ಕುಟುಕಿದಾಗ ಹೇಳಿಕೊಳ್ಳಲು ಉತ್ತರವೂ ತಯಾರಿತ್ತು. ಕಡ್ಡಿಪುಡಿಯಲ್ಲಿ ಹೊಗೆ ಎಲ್ಲಿದೆ? ಹೊಗೆಯೇ ಇಲ್ಲದ ಮೇಲೆ ಎದೆಗೇನು ತೊಂದರೆ? ಬೆಳಗ್ಗೆ ಎದ್ದ ಕೂಡಲೇ ಬರುವ ಕೆಮ್ಮಿಗೆ ಒಲೆಯ ಹೊಗೆ ಕಾರಣ. ಏರು ಹತ್ತುವಾಗಿನ ಏದುಸಿರಿಗೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ ಮನೆ ಕಾರಣ. ರಾತ್ರಿಯ ಗೊರಗೊರಕ್ಕೆ ದಾರಿ ಧೂಳು ಕಾರಣ. ಹೀಗೆ ಲೋಕದಲ್ಲಿ ಎಲ್ಲರೂ ತಪ್ಪಿತಸ್ಥರಾಗಿ ಕಡ್ಡಿಪುಡಿ ಒಂದೇ ನಿರಪರಾಧಿಯಾಗಿ ಉಳಿದಿತ್ತು.

ಅವಳ ಮಾತು ಕೇಳಿ ಚಟ ಬಿಟ್ಟವನು ಇಡೀ ಊರಿಗೆ ಒಬ್ಬನೇ, ಅವಳ ಗಂಡ ಮಾದೇವ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವನನ್ನು ಮೂರು ದಿನ ಮುದ್ದೆ ಇಕ್ಕದೆ ದಾರಿಗೆ ತಂದಿದ್ದಳು. ಅದಾಗಿ ಎರಡು ವರ್ಷ. ಎಲ್ಲಿ ಭಾಷಣ ಮಾಡಿದರೂ ‘ನಮ್ಮನೆಯವ್ರನ್ನೇ ನೋಡಿ’ ಎಂದೇ ಮುಗಿಸುತ್ತಿದ್ದಳು. ಭಯವೂ ಅಲ್ಲೇ ಇತ್ತು. ತನ್ನ ದವಡೆಯ ಗುಟ್ಟೋ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟ ಪೊಟ್ಟಣವೋ ಅವನಿಗೆ ಗೊತ್ತಾದರೆ ಮರುಗಳಿಗೆಗೆ ಬೀಡಿ ಹಚ್ಚುತ್ತಾನೆ, ಬೇಡ ಅನ್ನಲು ತನಗೆ ಬಾಯಿರುವುದಿಲ್ಲ.

ಆ ದಿನ ಮೈಸೂರಿನಿಂದ ಡಾಕ್ಟರ್ ರಮ್ಯ ಉಸಿರು ಅಳೆಯುವ ಯಂತ್ರ ಹೊತ್ತು ಬಂದಿದ್ದರು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ, ಮೊದಲು ಪ್ರಶ್ನೆ ಕೇಳಿ ಆಮೇಲೆ ಕೊಳವೆ ಊದಿಸುತ್ತಿದ್ದರು. ಮೂವತ್ತು ಜನರನ್ನು ಸೇರಿಸುವ ಹೊಣೆ ಪುಟ್ಟಲಕ್ಷ್ಮಿಯದು. ಅವಳು ಮೇಜಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಹೊಗೆಸೊಪ್ಪು, ಕಡ್ಡಿಪುಡಿ ಏನಾದರೂ ಹಾಕುತ್ತೀರಾ ಎಂದು ಕೇಳಿದಾಗಲೆಲ್ಲ ಜನ ಇವಳ ಮುಖ ನೋಡಿ ಇಲ್ಲ ಅನ್ನುತ್ತಿದ್ದರು. ಎಪ್ಪತ್ತು ದಾಟಿದ ಸಾಕಮ್ಮಜ್ಜಿ ಕೆಂಪು ಕರೆಗಟ್ಟಿದ ಹಲ್ಲು ಬಿಟ್ಟು, “ಮುಟ್ದೋಳೇ ಅಲ್ಲ ಕಣವ್ವ” ಎಂದಿತು. ಮಾದೇವನೂ ಬಂದು, ಬೀಡಿ ಬಿಟ್ಟಿದ್ದೀನಿ, ಬೇರೆ ಏನೂ ಇಲ್ಲ ಎಂದು ಬರೆಸಿ, ಊದಿ, ಜಗಲಿ ಕಂಬಕ್ಕೆ ಒರಗಿ ಕುಳಿತ.

“ಇಪ್ಪತ್ತೊಂಬತ್ತಾಯ್ತು, ಒಬ್ರು ಕಮ್ಮಿ. ಪುಟ್ಟಲಕ್ಷ್ಮಿಯವರೇ, ನೀವೇ ಕೂತ್ಕೊಳ್ಳಿ” ಎಂದರು ರಮ್ಯ.

ಪುಟ್ಟಲಕ್ಷ್ಮಿ ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರ್ ಎದುರು ನಿಲ್ಲಲು ಧೈರ್ಯಕ್ಕಿರಲಿ ಎಂದು ಬೆಳಗ್ಗೆ ಒತ್ತಿಕೊಂಡದ್ದು ಇನ್ನೂ ದವಡೆಯಲ್ಲೇ ಇತ್ತು.

“ಹೊಗೆಸೊಪ್ಪು, ಕಡ್ಡಿಪುಡಿ?”

“ಛೇ ಛೇ, ಇಲ್ಲ ಮೇಡಂ.”

“ಕೊಳವೆನ ತುಟಿಯಿಂದ ಬಿಗಿಯಾಗಿ ಹಿಡ್ಕೊಂಡು ಜೋರಾಗಿ ಊದ್ಬೇಕು. ಬಾಯಲ್ಲಿ ಏನಾದ್ರೂ ಇದ್ರೆ ಉಗಿದು ಬನ್ನಿ.”

ಉಗಿದರೆ ಇಡೀ ಊರು ನೋಡುತ್ತದೆ. ಇಟ್ಟುಕೊಂಡು ಊದಿದರೆ ಯಂತ್ರದೊಳಗೇ ಹೋಗುತ್ತದೆ. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಆ ಗಳಿಗೆಯಲ್ಲಿ ಬುದ್ಧಿ ಇರುವ ಯಾರೂ ಮಾಡದ ಕೆಲಸ ಮಾಡಿದಳು. ಗುಳುಂ ಎಂದು ನುಂಗಿದಳು.

ಕೊಳವೆ ತುಟಿಗೆ ತಾಗಿತೋ ಇಲ್ಲವೋ, ಹೊಟ್ಟೆಯ ಆಳದಿಂದ ಬಿಕ್ಕಳಿಕೆ ಬಂತು. ಅದರ ಹಿಂದೆ ಇನ್ನೊಂದು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು, ತಲೆ ಗಿರ್ರೆಂದಿತು.

“ಅಯ್ಯೋ ಕೂಸೆ, ನುಂಗ್ಬುಟ್ಟಾ?” ಸಾಕಮ್ಮಜ್ಜಿ ಕೂತಲ್ಲಿಂದ ಎದ್ದೇಬಿಟ್ಟಿತು. “ಇದು ಕಡ್ಡಿಪುಡಿ ಬಿಕ್ಕಳಿಕೆ ಕಣ್ರಪ್ಪ! ಒಂದು ಚೂರು ಬೆಲ್ಲ ತನ್ನಿ.”

“ಬೆಲ್ಲ ಯಾತಕ್ಕೂ ಬರಾಕಿಲ್ಲ, ಉಪ್ಪು ನೆಕ್ಸಿ” ಎಂದಳು ಪಕ್ಕದಲ್ಲಿದ್ದ ಚಿಕ್ಕಸಿದ್ದಮ್ಮ.

“ನಾನು ನುಂಗ್ದಾಗ ಮಜ್ಜಿಗೆಗೇ ನಿಂತದ್ದು” ಎಂದ ಆಗಲೇ ಊದಿ ಹಿಂದೆ ಕೂತಿದ್ದ ರಘು.

ರಮ್ಯ ಪೆನ್ನು ಕೆಳಗಿಟ್ಟರು. “ನೀವ್ಯಾರೂ ಮುಟ್ಟೋದೇ ಇಲ್ಲ ಅಂದ್ರಲ್ಲ. ಔಷಧಿ ಮಾತ್ರ ಎಲ್ಲರಿಗೂ ಗೊತ್ತಲ್ಲಾ?”

ಮದ್ದು ಹೇಳಿದವರೆಲ್ಲ ಮೆಲ್ಲಗೆ ಹಿಂದೆ ಸರಿದರು. ಬಿಕ್ಕಳಿಕೆ ಮಾತ್ರ ನಿಲ್ಲಲಿಲ್ಲ.

“ನೋಡಿ, ಇಲ್ಲಿ ಅರ್ಧಕ್ಕರ್ಧ ಜನಕ್ಕೆ ಉಸಿರು ಕಮ್ಮಿ ಇದೆ. ಒಲೆ ಹೊಗೆಯಿಂದನೋ, ಬ್ಯಾರನ್ನಿಂದನೋ, ಕಡ್ಡಿಪುಡಿಯಿಂದನೋ ಅಂತ ತಿಳ್ಕೊಳ್ಳೋಕೇ ನಾನು ಬಂದಿರೋದು. ನೀವೆಲ್ಲ ಸುಳ್ಳು ಬರೆಸಿದ್ರೆ ನಾನು ಯಾರಿಗೆ ಏನು ಹೇಳ್ಲಿ?”

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನವನ್ನು ಬೈದು ಏನು ಪ್ರಯೋಜನ? ತಾನು ಎದುರಿಗೆ ನಿಂತದ್ದಕ್ಕೇ ಇವರೆಲ್ಲ ಸುಳ್ಳು ಹೇಳಿದ್ದು. ನಾಚಿಕೆಯಿಂದ ಪುಟ್ಟಲಕ್ಷ್ಮಿ ಗಂಡ ಕೂತಿದ್ದ ಕಂಬದ ಕಡೆ ನೋಡಲಿಲ್ಲ.

“ಹದಿನಾಲ್ಕು... ವರ್ಷ ಮೇಡಂ” ಎಂದಳು, ಬಿಕ್ಕುಗಳ ನಡುವೆ. “ದಿನಕ್ಕೆ... ಎಂಟು ಸಲ. ಸುಳ್ಳೇಳ್ದೆ. ಬರ್ಕೊಳ್ಳಿ.”

ಮೊದಲು ಸಾಕಮ್ಮಜ್ಜಿ ಸೊಂಟದ ಎಲೆಅಡಿಕೆ ಚೀಲ ತೆಗೆದು ಮೇಜಿನ ಮೇಲಿಟ್ಟು, “ನಂದೂ ತಿದ್ಕೊ ಕಣವ್ವ” ಎಂದಿತು. ಹಿಂದೆಯೇ ಚಿಕ್ಕಸಿದ್ದಮ್ಮ ಬಂದಳು, ರಘು ಬಂದ. ಮತ್ತೆ ಸಾಲು ಕಟ್ಟಿತು. ಅಷ್ಟರಲ್ಲಿ ಯಾರದೋ ಮಜ್ಜಿಗೆ ಬಂದು ಬಿಕ್ಕಳಿಕೆ ಅಡಗಿ, ಪುಟ್ಟಲಕ್ಷ್ಮಿ ಊದಿಯೂ ಊದಿದಳು. ಅವಳ ವಯಸ್ಸಿಗೆ ಇರಬೇಕಾದ ಉಸಿರಿಗಿಂತ ಬಹಳ ಕಮ್ಮಿ ಬಂತು. ಇದ್ದ ಉಸಿರನ್ನೆಲ್ಲ ಭಾಷಣಕ್ಕೇ ಖರ್ಚು ಮಾಡಿರಬೇಕು ಎಂದುಕೊಂಡಳು.

ಸಾಲಿನ ಕೊನೆಗೆ ಮಾದೇವ ನಿಂತಿದ್ದ. ಇವತ್ತೇ ಬೀಡಿ ಹಚ್ಚುತ್ತೇನೆ ಎಂದು ಎಲ್ಲರೆದುರು ಹೇಳುತ್ತಾನೆ ಎಂದುಕೊಂಡು ಅವಳು ಸೆರಗು ಬಿಗಿಹಿಡಿದಳು.

“ನಂದೂ ತಿದ್ದಿ ಮೇಡಂ. ಬೀಡಿ ಬುಟ್ಟಿದ್ದು ದಿಟ. ಕೈಕಾಲು ನಡುಗ್ತು, ತಡಿಯಾಕಾಗ್ಲಿಲ್ಲ. ಕಡ್ಡಿಪುಡಿ ಹಾಕ್ತಾವ್ನಿ, ಎರಡು ವರ್ಷದಿಂದ.”

ಪುಟ್ಟಲಕ್ಷ್ಮಿ ದಂಗಾದಳು. ದಿನಾ ಸಂಜೆ ಅವನ ಬಾಯಿ ಮೂಸಿ ಬೀಡಿ ವಾಸನೆ ಇಲ್ಲವೆಂದು ಬೀಗಿದ್ದಳು. ತನ್ನ ಬಾಯಿಯೂ ಅದನ್ನೇ ನಾರುತ್ತಿರುವಾಗ ಕಡ್ಡಿಪುಡಿಯ ವಾಸನೆ ತಿಳಿಯುವುದಾದರೂ ಹೇಗೆ?

ರಮ್ಯ ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದರು. “ಮೊದಲ ಸಲ ಯಾರಿಂದ ಸಿಕ್ತು?”

ಮಾದೇವ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತ, “ಮನೇಲೇ ಸಿಕ್ತು ಬುಡಿ, ಅಕ್ಕಿ ಡ್ರಮ್ಮಿನ ಹಿಂದೆ” ಎಂದು ಗೊಣಗಿದ.

ಎಲ್ಲ ಗೊತ್ತಿದ್ದೂ ಎರಡು ವರ್ಷ ಅವನು ತನ್ನ ಮಾನ ಕಾಯ್ದಿದ್ದ. ಪುಟ್ಟಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಜಿನ ಮೇಲೆ ಬಾಗಿದಳು.

“ಆಶಾ ಕಾರ್ಯಕರ್ತೆಯಿಂದ ಅಂತ ಬರ್ಕೊಳ್ಳಿ ಮೇಡಂ” ಎಂದಳು.